ಓದೋರಿಗೆ ಬಟವಾಡೆ ಇಲ್ಲ

ಚಳ್ಳಕೆರೆಯಲ್ಲಿ ಲಾರಿ ರಿಪೇರಿ ಮಾಡುವ ಚಾಂದ್ ಪಾಷನ ಮನೆ ಮಹಡಿಯಲ್ಲಿ ಎರಡು ರೂಮುಗಳಿವೆ, ಕಾಲೇಜು ಹುಡುಗಿಯರಿಗೆ ಬಾಡಿಗೆಗೆ. ಮನೆ ಪಾಷನ ಹೆಸರಲ್ಲಿದ್ದರೂ ಮಹಡಿಯ ಆಡಳಿತವೆಲ್ಲ ಹೆಂಡತಿ ನೂರ್ ಬೀಯದು. "ನಮ್ಮನೇಲೂ ಒಬ್ಬಳು ವೈಸ್ ಚಾನ್ಸಲರ್ ಅವಳೆ ಕಣ್ರಪ್ಪಾ" ಎಂದು ಪಾಷ ಗ್ಯಾರೇಜಿಗೆ ಬಂದ ಡ್ರೈವರುಗಳ ಮುಂದೆ ಗೊಣಗುತ್ತಾನೆ. ಗೊಣಗಲಿ ಬಿಡಿ. ನೂರ್ ಬೀ ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಿಜ. ಆದರೆ ಆ ಮೆಟ್ಟಿಲು ಹತ್ತಿದ ಒಬ್ಬ ಹುಡುಗಿಯೂ ಡಿಗ್ರಿ ಮುಗಿಸದೆ ಗಂಟುಮೂಟೆ ಕಟ್ಟಿದ್ದಿಲ್ಲ. ಇದನ್ನು ಅವಳು ತರಕಾರಿ ಗಾಡಿಯವನಿಗೂ ಹೇಳಿದ್ದಾಳೆ, ಮಸೀದಿ ಬೀದಿಯ ಬೀಗರಿಗೂ ಹೇಳಿದ್ದಾಳೆ.

ಹೊಸ ಹುಡುಗಿಯರು ಟ್ರಂಕು ಹೊತ್ತು ಬಂದ ದಿನವೇ ಅವರನ್ನು ಮೆಟ್ಟಿಲ ಮೇಲೆ ಕೂರಿಸಿ, ಕೈಗೆ ಚಹಾ ಕೊಟ್ಟು, ನೂರ್ ಬೀ ಪಾಠ ಶುರು ಹಚ್ಚುತ್ತಾಳೆ. "ಮೊದಲ್ನೇ ತಿಂಗಳು ಒಂದು ಬಕೀಟು, ಒಂದು ಚೊಂಬು ಬಿಟ್ರೆ ಏನೂ ಕೊಳ್ಳಬ್ಯಾಡ್ರಿ. ಪಕ್ಕದೋಳ ಹತ್ರ ಏನೈತೆ, ನಿನ್ನ ಹತ್ರ ಏನೈತೆ ನೋಡ್ಕಂಡು ಆಮೇಲೆ ಅಂಗಡಿಗೆ ಹೋಗು. ಫೀಸಿನ ದುಡ್ಡು ಮೊದ್ಲು ಎತ್ತಿಡು, ಮಿಕ್ಕಿದ್ದರಲ್ಲಿ ಊಟ. ಮನೆಗೆ ಫೋನ್ ಮಾಡೋದಾದ್ರೆ ಉಂಡ ಮೇಲೆ ಮಾಡು. ಖಾಲಿ ಹೊಟ್ಟೇಲಿ ಅವ್ವನ ದನಿ ಕೇಳಿದ್ರೆ ಅಳು ಬರ್ತೈತೆ. ಬಸ್ಸು ಪುಕ್ಕಟೆ ಐತೆ ಅಂತ ಮೊದಲ್ನೇ ಶನಿವಾರಾನೇ ಊರಿಗೆ ಓಡಿದ್ರೆ ಸೋಮವಾರ ವಾಪಸ್ ಬರೋಕೆ ಕಾಲೇ ಏಳಲ್ಲ, ತಿಳೀತಾ?"

ಈ ವರ್ಷ ಬಿ.ಜಿ. ಕೆರೆಯಿಂದ ಬಂದ ಶಶಿರೇಖಾ ಎಲ್ಲದಕ್ಕೂ ತಲೆಯಾಡಿಸಿದಳು. ಬಿ.ಎಸ್ಸಿ. ಮೊದಲ ವರ್ಷ. ಅವ್ವ ಪಾಪಕ್ಕ ಈರುಳ್ಳಿ ಕೀಳುವ, ಶೇಂಗಾ ಬಿಡಿಸುವ ಕೂಲಿಯವಳು, ಅಪ್ಪ ಇಲ್ಲ. ತಲೆಯಾಡಿಸಿದ ಹುಡುಗಿ ಮುಂದಿನ ಸಂತೆಯ ದಿನ ಏನು ಮಾಡಿದಳು ಗೊತ್ತೇ? ಮನೆ ಮುಂದೆ ಆಟೋ ನಿಲ್ಲಿಸಿ ಇಳಿಸತೊಡಗಿದಳು ನೋಡಿ: ಅಕ್ಕಿ ಮೂಟೆ, ರಾಗಿ ಹಿಟ್ಟು, ತೊಗರಿಬೇಳೆ, ಎಣ್ಣೆ ಕ್ಯಾನು, ಈರುಳ್ಳಿ ಚೀಲ, ಬಟ್ಟೆ ಸೋಪಿನ ಬಾರುಗಳು. ಆಟೋದವನು ಎರಡು ಸಲ ಮೆಟ್ಟಿಲು ಹತ್ತಿಳಿದ.

"ಅರೆ, ಮಹಡಿ ಮೇಲೆ ಯಾರದ್ದಾದ್ರೂ ಮದುವೆ ಐತೇನೇ?" ಎಂದಳು ನೂರ್ ಬೀ.

"ಇಲ್ಲ ನೂರಮ್ಮ. ಸಾಮಾನು ತುಂಬಿಸಿಬಿಟ್ರೆ ಚಿಂತೆ ಇರಲ್ಲ ಅಲ್ವಾ?" ಹುಡುಗಿಯ ಮುಖ ಅರಳಿತ್ತು. ದೊಡ್ಡ ಜವಾಬ್ದಾರಿ ಮುಗಿಸಿದೆ ಎನ್ನುವ ಗತ್ತು ಬೇರೆ. ಫೀಸು ಎತ್ತಿಟ್ಟಿದ್ದೀಯಾ ಎಂದು ನೂರ್ ಬೀ ಕೇಳಬೇಕೆಂದುಕೊಂಡ ಹೊತ್ತಿಗೇ ಪಾಷ ಊಟಕ್ಕೆ ಕೂಗಿದ. ಆ ಪ್ರಶ್ನೆ ಅಲ್ಲಿಗೇ ಉಳಿಯಿತು.

ಎರಡು ವಾರ ಕಳೆಯಿತು. ಯೂನಿವರ್ಸಿಟಿಯ ಫೀಸು ಕಟ್ಟಲು ಗುರುವಾರ ಕೊನೆಯ ದಿನ. ಕಟ್ಟದಿದ್ದರೆ ಹೆಸರು ನೋಂದಣಿಯಾಗುವುದಿಲ್ಲ, ವರ್ಷ ಹೋಯಿತೆಂದೇ ಲೆಕ್ಕ. ಮಂಗಳವಾರ ಸಂಜೆ ನಮಾಜು ಮುಗಿಸಿ ಒಣಗಿದ ಬಟ್ಟೆ ತೆಗೆಯಲು ಮೇಲೆ ಹೋದ ನೂರ್ ಬೀಗೆ ಕಂಡದ್ದು, ಚೂಡಿದಾರಗಳನ್ನು ಒಂದೊಂದಾಗಿ ಟ್ರಂಕಿಗೆ ತುಂಬುತ್ತಿದ್ದ ಶಶಿರೇಖಾ.

"ಎಲ್ಲಿಗಮ್ಮಾ ಸವಾರಿ?"

"ಊರಿಗೆ. ಅವ್ವ ಕರ್ಕಂಡು ಹೋಗೋಕೆ ಬರ್ತೈತೆ. ನಂಗಿಲ್ಲಿ ಹಿಡಿಸ್ತಿಲ್ಲ."

"ಸುಳ್ಳು ಹೇಳೋಕೂ ಬರಲ್ಲ ನಿಂಗೆ. ಮೊನ್ನೆ ತಾನೆ ಪಕ್ಕದ ರೂಮಿನ ಸರಿತಾ ಜೊತೆ ಹಲ್ಲು ಕಿರಿದು ಕುಣೀತಿದ್ದೆ. ಏನಾಯ್ತು, ಬೊಗಳು."

ಅಷ್ಟಕ್ಕೇ ಕಟ್ಟೆಯೊಡೆಯಿತು. ಅವ್ವ ಕೊಟ್ಟು ಕಳಿಸಿದ್ದ ದುಡ್ಡೆಲ್ಲ ಸಂತೆಯಲ್ಲಿ ಮುಗಿದಿತ್ತು. ಫೀಸಿಗೆ ಒಂದು ನೋಟೂ ಉಳಿದಿರಲಿಲ್ಲ. "ಮನೇಲಿ ಹಂಗೇ ಮಾಡೋದು ನೂರಮ್ಮ. ವಾರದ ಕೂಲಿ ಬಟವಾಡೆ ಆದ ದಿನ ಸಂತೆ. ಎಲ್ಲಾ ತಂದು ಹಾಕ್ಕಂಡ್ರೆ ಮುಂದಿನ ವಾರದ ತನಕ ನಿಶ್ಚಿಂತೆ."

ನೂರ್ ಬೀಗೆ ಬೈಯಲು ಬಾಯಿ ಬರಲಿಲ್ಲ. ಈ ಹುಡುಗಿ ಶೋಕಿ ಮಾಡಿದವಳಲ್ಲ, ಮೊಬೈಲು ಕೊಂಡವಳಲ್ಲ, ಸಿನಿಮಾಕ್ಕೆ ಹೋದವಳಲ್ಲ. ಹುಟ್ಟಿದಾಗಿನಿಂದ ಕಂಡದ್ದನ್ನು ಚಾಚೂ ತಪ್ಪದೆ ಮಾಡಿದ್ದಾಳೆ. ಕೈಗೆ ಬಂದದ್ದೆಲ್ಲ ಆ ದಿನವೇ ಕಾಳಾಗಿ ಮನೆ ಸೇರಬೇಕು, ಅದೇ ಜಾಣತನ. ಅವ್ವನ ಮನೆಯಲ್ಲಿ ಅದು ಜಾಣತನವೂ ಹೌದು.

"ನೋಡು ಬೇಟಿ," ಎಂದು ಪಕ್ಕದಲ್ಲಿ ಕೂತಳು. "ನಿಮ್ಮವ್ವನಿಗೆ ಮುಂದಿನ ವಾರ ಇನ್ನೊಂದು ಬಟವಾಡೆ ಐತೆ, ಅದಕ್ಕೇ ಈ ವಾರದ್ದು ಬರಿದು ಮಾಡ್ತಾಳೆ. ಓದೋರಿಗೆ ಬಟವಾಡೆ ಎಲ್ಲೈತೆ? ಒಂದು ಸಲ ಬಂದಿದ್ದು ಇನ್ನೊಂದು ಸಲ ಬರೋ ತನಕ ಎಳೀಬೇಕು. ಇಷ್ಟೇ ವ್ಯತ್ಯಾಸ. ಇದಕ್ಕೆ ಟ್ರಂಕು ಕಟ್ಟೋರುಂಟಾ?"

ಫೀಸಿನ ದುಡ್ಡು ತಾನೇ ಕೊಟ್ಟುಬಿಡಬಹುದಿತ್ತು. ಕೆಳಗೆ ತನ್ನ ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟದ್ದು ಅಷ್ಟು ಇತ್ತು ಕೂಡ. ಕೈ ತುರಿಸಿತು. ಆದರೆ ಬಾಡಿಗೆಗಿರುವ ಹುಡುಗಿಯರಿಗೆ ಸಾಲ ಕೊಡುವುದಿಲ್ಲ ಎನ್ನುವುದು ನೂರ್ ಬೀಯ ಹಠ. ಸಾಲ ತಗೊಂಡ ಹುಡುಗಿ ಮೆಟ್ಟಿಲಿಳಿಯುವಾಗ ಮುಖ ತಪ್ಪಿಸುತ್ತಾಳೆ, ಆಮೇಲೆ ಮಾತೇ ನಿಲ್ಲುತ್ತದೆ. ಮೂಲೆಯಲ್ಲಿ ರಾಶಿ ಬಿದ್ದಿದ್ದ ಸಾಮಾನನ್ನು ನೋಡಿದಳು. ಬಾಗಿಲಾಚೆ ಕೂತಿದ್ದ ನಾಲ್ಕು ಒಲೆಗಳನ್ನೂ ನೋಡಿದಳು. ಒಬ್ಬೊಬ್ಬಳದು ಒಂದೊಂದು ಒಲೆ, ಹಿಡಿ ಬೇಳೆಯ ಪುಟ್ಟ ಪುಟ್ಟ ಪಾತ್ರೆಗಳು.

"ಏ ಸರಿತಾ, ಎಲ್ಲಾರನ್ನೂ ಕರಿಯೇ ಇಲ್ಲಿ!"

ರಾಂಪುರದ ಸರಿತಾ, ಇನ್ನಿಬ್ಬರು ಹುಡುಗಿಯರು ಗಾಬರಿಯಿಂದ ಓಡಿ ಬಂದರು. "ಇವತ್ತಿಂದ ಒಂದೇ ಒಲೆ. ಸಾಮಾನು ಮನೇಲೇ ಐತೆ, ಅಂಗಡಿಗೆ ಯಾಕೆ ಹೋಗ್ತೀರಿ? ಶಶಿ ತಂದ ರೇಟಿಗೇ ನಿಮ್ಮ ನಿಮ್ಮ ಪಾಲು ಕೊಳ್ಳಿ. ಹೆಂಗೂ ಈ ತಿಂಗಳ ಅಕ್ಕಿ ಬೇಳೆಗೆ ದುಡ್ಡು ತೆಗೆದಿಟ್ಟಿದ್ದೀರಲ್ಲ."

"ಇವರೆಲ್ಲ ಮೊಟ್ಟೆ ಬೇಯಿಸ್ತಾರೆ, ನಾವು ತಿನ್ನಲ್ಲ ನೂರಮ್ಮ" ಎಂದು ಸರಿತಾ ರಾಗ ತೆಗೆದಳು.

"ತಿನ್ನಬ್ಯಾಡ ತಾಯಿ. ಮೊಟ್ಟೆಗೆ ಬೇರೆ ಪಾತ್ರೆ ಇರ್ಲಿ. ಬೇಳೆಗೂ ನಿಂಗೂ ಏನು ಜಗಳ?"

ಎಲ್ಲರೂ ಒಪ್ಪಿದರು. ಒಪ್ಪದೆ ಕೂತವಳು ಶಶಿರೇಖಾ ಒಬ್ಬಳೇ. ತಲೆ ತಗ್ಗಿಸಿ, "ಅನ್ನಕ್ಕೆ ದುಡ್ಡು ಇಸ್ಕಳ್ಳೋದಾ? ಅವ್ವನಿಗೆ ಗೊತ್ತಾದ್ರೆ ಮುಖಕ್ಕೆ ಉಗೀತಾಳೆ" ಎಂದಳು.

"ಅನ್ನಕ್ಕಲ್ವೇ ಹುಚ್ಚೀ, ಅಕ್ಕಿಗೆ! ಬೆಂದ ಮೇಲೆ ಯಾರು ಬಂದ್ರೂ ತಟ್ಟೆ ಹಾಕು, ಮೊದ್ಲು ನಾನೇ ಬರ್ತೀನಿ. ಬೇಯೋದಕ್ಕೆ ಮುಂಚೆ ಮಾತ್ರ ತಕ್ಕಡಿ." ಹುಡುಗಿಯರು ಗೊಳ್ಳೆಂದು ನಕ್ಕರು. ಶಶಿರೇಖಾ ಅಳುತ್ತಲೇ ನಕ್ಕಳು. ಬಾರು ಸೋಪುಗಳಲ್ಲಿ ಅರ್ಧವನ್ನು ಪಾಷನ ಗ್ಯಾರೇಜು ಕೊಂಡಿತು. ಗ್ರೀಸು ಹತ್ತಿದ ಬಟ್ಟೆಗೆ ಎಷ್ಟಿದ್ದರೂ ಸಾಲದು. ಎಲ್ಲ ಸೇರಿ ಫೀಸಿಗೆ ಬೇಕಾದಷ್ಟು ಕೂಡಿತು.

ಗುರುವಾರ ಬೆಳಿಗ್ಗೆ ಶಶಿರೇಖಾ ಫೀಸು ಕಟ್ಟಲು ಕಾಲೇಜಿಗೆ ಓಡಿದಳು. "ಅವ್ವನಿಗೆ ಬರಬ್ಯಾಡ ಅಂದ್ಯಾ?" ಎಂದರೆ, "ನಿನ್ನೆಯಿಂದ ಅವ್ವನ ಫೋನು ಆಫ್ ಆಗೈತೆ ನೂರಮ್ಮ, ಸಿಕ್ಕೇ ಇಲ್ಲ" ಎಂದು ಹೋಗಿದ್ದಳು. ಸ್ವಲ್ಪ ಹೊತ್ತಿಗೆಲ್ಲ ಬಂದೇಬಿಟ್ಟಳು ಪಾಪಕ್ಕ, ಮಗಳ ಸಾಮಾನು ತುಂಬಲು ಕಂಕುಳಲ್ಲಿ ಒಂದು ಖಾಲಿ ಚೀಲ ಹಿಡಿದುಕೊಂಡು. "ಹಿಡಿಸ್ತಿಲ್ಲ ಅಂತ ಅಳ್ತಾ ಫೋನ್ ಮಾಡಿದ್ಲಮ್ಮಾ. ಇಲ್ಲದೋರಿಗೆ ಓದು ಯಾಕೆ ಬೇಕಾಗಿತ್ತು ಹೇಳು? ನನ್ನ ಜೊತೆ ಶೇಂಗಾ ಬಿಡಿಸೋಕೆ ಬರ್ಲಿ, ಕಣ್ಮುಂದೆ ಇರ್ತಾಳೆ."

ನೂರ್ ಬೀ ಚಹಾಕ್ಕೆ ನೀರಿಟ್ಟಳು. ಒಲೆ, ಅಕ್ಕಿ, ತಕ್ಕಡಿ ಎಲ್ಲವನ್ನೂ ಸರಿಮಾಡಬಹುದು. ಹೆತ್ತವಳು ಕೈ ಹಿಡಿದು ಎಳೆದರೆ ಯಾರೇನು ಮಾಡಿಯಾರು? ಚಹಾ ಕೊಟ್ಟಳು, ಬನ್ನು ಕೊಟ್ಟಳು, ಬಾಯಿ ಮಾತ್ರ ಬಿಗಿಹಿಡಿದಳು. ಇದನ್ನು ಹೇಳಬೇಕಾದವಳು ಮಗಳು.

ಮಗಳು ಬಂದಳು. ಅವ್ವನನ್ನು ನೋಡಿ ಬಾಗಿಲಲ್ಲೇ ನಿಂತು, ಒಂದೇ ಉಸಿರಿಗೆ ಎಲ್ಲ ಹೇಳಿದಳು. ಸಂತೆ, ಮೂಟೆ, ಫೀಸು, ಅಕ್ಕಿ ಮಾರಿದ್ದು. "ಹಿಡಿಸ್ತಿಲ್ಲ ಅಂದಿದ್ದು ಸುಳ್ಳವ್ವ. ಹೆದರಿಕೆ ಆಗಿತ್ತು. ಈಗ ಫೀಸು ಕಟ್ಟಿ ಬಂದೆ. ನಾನು ಬರಲ್ಲ."

ಪಾಪಕ್ಕ ಖಾಲಿ ಚೀಲವನ್ನು ಮಡಿಸಿ ಪಕ್ಕಕ್ಕಿಟ್ಟಳು. ಆಮೇಲೆ, "ತಂದು ತುಂಬಿಸೋದು ತಪ್ಪಾ? ನಾನು ಜೀವಮಾನವೆಲ್ಲಾ ಅದನ್ನೇ ಮಾಡಿದ್ದು" ಎಂದಳು.

"ತಪ್ಪಲ್ಲವ್ವ. ಅದ್ರಲ್ಲೇ ನನ್ನ ಸಾಕಿದ್ದೀಯ. ಇಲ್ಲಿಗೆ ಅದು ಸಾಲದು, ಅಷ್ಟೇ."

ಪಾಪಕ್ಕ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಮಡಿಸಿದ ನೋಟುಗಳು. "ಇದು ಈ ವಾರದ ಬಟವಾಡೆ. ಇವತ್ತು ನಮ್ಮ ಕಡೆ ಸಂತೆ, ಬಿಟ್ಟು ಬಂದೆ. ನೀನೇ ಇಟ್ಕಾ."

ಶಶಿರೇಖಾ ಅವ್ವನ ಬೆರಳುಗಳನ್ನು ಮಡಿಸಿ ಮುಚ್ಚಿದಳು. "ನನಗೆ ಈ ತಿಂಗಳಿಗೆ ಸಾಕು. ಮನೆಗೆ ಬೇಕಾದಷ್ಟು ತಗೋ, ಮಿಕ್ಕಿದ್ದು ಬ್ಯಾಂಕಲ್ಲಿ ನಿನ್ನ ಹೆಸರಲ್ಲೇ ಇರ್ಲಿ."

ಪಾಪಕ್ಕನಿಗೆ ಬ್ಯಾಂಕಿನಲ್ಲಿ ಖಾತೆ ಇತ್ತು. ಸರ್ಕಾರದ ದುಡ್ಡು ಬಿದ್ದಾಗ ತೆಗೆಯಲು ಹೋಗುತ್ತಿದ್ದಳು. ಕಟ್ಟಲು ಒಂದು ದಿನವೂ ಹೋದವಳಲ್ಲ. ಮುಷ್ಟಿಯನ್ನು ನೋಡಿಕೊಂಡು, ಕಾಲೇಜಿಗೆ ಹೊಸದಾಗಿ ಸೇರಿದ ಹುಡುಗಿಯ ದನಿಯಲ್ಲಿ ಕೇಳಿದಳು: "ಕೂಲಿಯೋರ ದುಡ್ಡು ಇಸ್ಕಂತಾರೇನೇ ಅಲ್ಲಿ?"

ನೂರ್ ಬೀ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಬಾರವ್ವ, ದುಡ್ಡು ಕಟ್ಟೋ ಚೀಟಿ ನಾನು ಬರ್ಕೊಡ್ತೀನಿ" ಎಂದು ಶಶಿರೇಖಾ ಅವ್ವನ ಕೈ ಹಿಡಿದು ಮುಂದೆ ನಡೆದಳು.