ಮಡಿನೀರು ಮತ್ತು ಎದೆಯ ಪೆಟ್ಟಿಗೆ

ನನ್ನ ಅತ್ತಿಗೆ ಮಂದಾಕಿನಿಗೆ ಹೃದಯಾಘಾತವಾದಾಗ ನಾವು ಮಲ್ಕಾಜ್‌ಗಿರಿಯಲ್ಲಿ, ಎರಡನೆಯ ಮಹಡಿಯ ಮನೆಯಲ್ಲಿದ್ದೆವು. ಅಣ್ಣ ವಾಸುದೇವ ರೈಲ್ವೆಯಲ್ಲಿ ಗುಮಾಸ್ತ. ನಾನು ಅವರ ಜೊತೆಗಿದ್ದು ನಾರಾಯಣಗೂಡದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಆಸ್ಪತ್ರೆಯಿಂದ ಬಂದ ಅತ್ತಿಗೆ ಭಾರ ಎತ್ತಬಾರದೆಂದು ಡಾಕ್ಟರು ಹೇಳಿದ್ದರು. ನಾವು ಅವಳಿಗೆ ಬಟ್ಟೆಯ ಬಕೆಟ್ಟನ್ನೂ ಮುಟ್ಟಗೊಡಲಿಲ್ಲ. ಮಡಿನೀರು ಮಾತ್ರ ಅವಳೇ ತರುತ್ತಿದ್ದಳು. ನಳದೊಳಗೆ ತೊಗಲಿನ ವಾಷರ್ ಇರುತ್ತದೆಂದು ನಮ್ಮ ದೇವರಿಗೂ ಅಡುಗೆಗೂ ಹಿತ್ತಲ ಬಾವಿಯ ನೀರೇ ಆಗಬೇಕು. ಸ್ನಾನ ಮಾಡಿ, ಒದ್ದೆ ಸೀರೆಯಲ್ಲಿ ತುಂಬಿದ ಕೊಡ ಹೊತ್ತು ಮೆಟ್ಟಿಲು ಹತ್ತುವುದು ನಮ್ಮ ಪ್ರಕಾರ ಪೂಜೆ, ಕೆಲಸವಲ್ಲ. ಭಾರೀ ಬುದ್ಧಿವಂತರು ನಾವು!

ಹೃದಯದ ಬಡಿತ ವಿಶ್ರಾಂತಿಯಲ್ಲೂ ದುಡಿಮೆಯಲ್ಲೂ ಹೇಗಿದೆ ಎಂದು ನೋಡಲು ಡಾಕ್ಟರು ಅವಳ ಎದೆಗೆ ತಂತಿ ಅಂಟಿಸಿ, ಸೊಂಟಕ್ಕೆ ಬಡಿತ ದಾಖಲಿಸುವ ಟೇಪಿನ ಪೆಟ್ಟಿಗೆಯೊಂದನ್ನು ಕಟ್ಟಿಸಿದರು. ಒಂದು ಹಗಲು, ಒಂದು ರಾತ್ರಿ ಅದನ್ನು ಬಿಚ್ಚುವಂತಿಲ್ಲ, ನೀರು ತಾಕಿಸುವಂತಿಲ್ಲ. ಔಷಧ ಹೆಚ್ಚಿಸಬೇಕೋ, ಅವಳನ್ನು ಮೊದಲಿನಂತೆ ಓಡಾಡಲು ಬಿಡಬಹುದೋ ಎಂಬುದು ಆ ಟೇಪಿನ ಮೇಲೆ ನಿಂತಿತ್ತು.

"ರೋಜೂ ಚೇಸೇ ಪನುಲನ್ನೀ ಚೇಯಂಡಮ್ಮಾ," ಎಂದರು ಡಾಕ್ಟರು ತೆಲುಗಿನಲ್ಲಿ. ದಿನಾ ಮಾಡುವ ಕೆಲಸವೆಲ್ಲ ಮಾಡಿ ಎಂದು. ಅತ್ತಿಗೆ ತಲೆಯಾಡಿಸಿದಳು.

ಆದರೆ ಸ್ನಾನವಿಲ್ಲ, ಮೇಲಾಗಿ ಪೆಟ್ಟಿಗೆಗೆ ತೊಗಲಿನ ಚೀಲ. ಹಾಗಿದ್ದಮೇಲೆ ಮಡಿಯೆಲ್ಲಿ ಬಂತು? ಅವಳು ಚಾಪೆ ಹಾಸಿಕೊಂಡು ಮೂಲೆ ಹಿಡಿದಳು. ನೀರು, ಅಡುಗೆ ಎರಡೂ ನನ್ನ ತಲೆಗೆ ಬಂದವು. ಟೇಪಿನಲ್ಲಿ ಒಂದು ಕೊರತೆಯೂ ಕಾಣಲಿಲ್ಲ. ಅಣ್ಣ ಪೇಡೆ ತಂದ.

ಮರುದಿನ ನಾನು ಕಾಲೇಜಿಗೆ ಬೇಗ ಹೊರಟವಳು ಮೆಟ್ಟಿಲಲ್ಲೇ ನಿಂತುಬಿಟ್ಟೆ. ಅತ್ತಿಗೆ ಕೊಡ ಕೆಳಗಿಟ್ಟು, ಗೋಡೆಗೆ ಒರಗಿ ಕೂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ.

"ಮುಟ್ಟಬ್ಯಾಡ, ಮಡೀಲಿದ್ದೀನಿ. ಎದಿ ಒಂದೀಟು ಹಾರ್‍ತದ, ಆಮ್ಯಾಲ ತಾನ ನಿಲ್ತದ," ಎಂದಳು.

"ಯಾವಾಗಿಂದ?"

"ಆಸ್ಪತ್ರಿಯಿಂದ ಬಂದಾಗಿಂದ. ನೀರು ತರೋವಾಗಷ್ಟ."

ನನಗೆ ಸಿಟ್ಟು, ಅಳು ಒಟ್ಟಿಗೇ ಬಂದವು. ಅಂದೇ ಹೋಗಿ ಡಾಕ್ಟರಿಗೆ ಹೇಳಿದೆ. ಅವರು ಹಣೆ ಚಚ್ಚಿಕೊಂಡು ಮತ್ತೆ ಪೆಟ್ಟಿಗೆ ಕಟ್ಟಿಸಿದರು. ಈ ಸಲ ನೀರು ತರಲೇಬೇಕು, ಅರ್ಧ ಕೊಡ ಸಾಕು, ಯಾರಾದರೂ ಹಿಂದೆಯೇ ಇರಬೇಕು, ಎದೆ ಹಾರಿದೊಡನೆ ಕೊಡ ಇಳಿಸಬೇಕು ಎಂದು ಕಟ್ಟಪ್ಪಣೆ ಮಾಡಿದರು. ಮಡಿಯಿಲ್ಲದ ಆ ನೀರನ್ನು ಪಾತ್ರೆ ತೊಳೆಯಲು ಬಳಸೋಣವೆಂದು ಅತ್ತಿಗೆಯನ್ನು ಒಪ್ಪಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಅವಳು ಹತ್ತಿದಳು. ಹಿಂದೆ ಅಣ್ಣ. ಮಡಿಯಲ್ಲಿದ್ದವಳ ಹತ್ತಿರ ಯಾರೂ ಸುಳಿಯುವಂತಿಲ್ಲವಲ್ಲ, ಇಷ್ಟು ವರ್ಷದಲ್ಲಿ ಹೆಂಡತಿ ಕೊಡ ಹೊತ್ತು ಮೆಟ್ಟಿಲು ಹತ್ತುವುದನ್ನು ಅವನು ನೋಡಿದ್ದು ಅದೇ ಮೊದಲು. ಮೊದಲ ಮಹಡಿ ದಾಟಿದ ಮೇಲೆ ಅವಳು ಕೊಡ ಇಳಿಸಿ ಎದೆ ಹಿಡಿದುಕೊಂಡಳು.

"ದಿನಾ ಹಿಂಗ ಆಗ್ತಿತ್ತೇನ?" ಅಣ್ಣ ಕೊಡವನ್ನು ಪಕ್ಕಕ್ಕೆ ಸರಿಸಿ ಕೇಳಿದ.

"ನೀವು ಆವಾಗ ಪೇಪರ್ ಓದ್ತಿರ್‍ತಿದ್ರಿ," ಎಂದಳು ಅತ್ತಿಗೆ. ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ.

ಎರಡನೆಯ ಟೇಪು ಸುಳ್ಳು ಹೇಳಲಿಲ್ಲ. ಹೀಗೇ ಬಿಟ್ಟಿದ್ದರೆ ಒಂದು ದಿನ ಮೆಟ್ಟಿಲ ಮೇಲೆಯೇ ಹೋಗಿಬಿಡುತ್ತಿದ್ದಳು ಎಂದರು ಡಾಕ್ಟರು. ಔಷಧ ಬದಲಾಯಿತು, ಕೊಡ ನಿಷೇಧವಾಯಿತು.

ಮರುದಿನ ಬೆಳಿಗ್ಗೆ ಅಣ್ಣ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ ಕೊಡ ಹೊತ್ತು ಏದುಸಿರು ಬಿಡುತ್ತ ಮೇಲೆ ಬಂದ. ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಗಾಬರಿಯಾಗಿ, "ಅಲ್ಲೇ ಇಳಸ್ರಿ, ಒಂದೀಟು ದಮ್ ತೊಗೋರಿ," ಎಂದಳು.

ಆ ಮಾತನ್ನು ಅವಳಿಗೆ ಹೇಳಿದವರು ನಮ್ಮ ಮನೆಯಲ್ಲಿ ಒಬ್ಬರೂ ಇರಲಿಲ್ಲ.