ಫೋಟೋದಲ್ಲಿದ್ದ ಕಾರಿನ ವಯಸ್ಸು

ನಾನು ಅಮ್ಮನನ್ನು ನೋಡಿದ್ದು ಒಂದೇ ಒಂದು ಫೋಟೋದಲ್ಲಿ. ನನಗೆ ಎರಡು ವರ್ಷವಾಗಿದ್ದಾಗ, ಎಪ್ಪತ್ತರ ದಶಕದ ಶುರುವಿನಲ್ಲಿ, ಅವಳು ಹೆರಿಗೆಯಲ್ಲಿ ತೀರಿಕೊಂಡಳು. ಕೆಲವು ವರ್ಷ ಕಳೆದ ಮೇಲೆ ಅಪ್ಪ ಅವಳ ತಂಗಿಯನ್ನೇ ಮದುವೆಯಾಗಿ ಸೂಲಿಬೆಲೆಯಿಂದ ಆವತಿಗೆ ಕರೆತಂದರು. ನನ್ನನ್ನು ಸಾಕಿದವಳು ಆ ಚಿಕ್ಕಮ್ಮ.

ಫೋಟೋ ನಡುಮನೆಯಲ್ಲಿ ದೇವರ ಪಟಗಳ ಪಕ್ಕ ಎತ್ತರದಲ್ಲಿತ್ತು. ಒಂದು ಕಾರಿನ ಮುಂದೆ ತಲೆ ತಗ್ಗಿಸಿ ನಿಂತ ಹೆಂಗಸು, ಹಣೆಯವರೆಗೂ ಸೆರಗು, ಮುಖ ಅರ್ಧ ನೆರಳಲ್ಲಿ. ಹೊಗೆ, ಕುಂಕುಮ, ಒಣಗಿದ ಹಾರ ಎಲ್ಲ ಸೇರಿ ಕಾರು ಯಾವುದೆಂದೇ ತಿಳಿಯುತ್ತಿರಲಿಲ್ಲ. ಪಿತೃಪಕ್ಷದಲ್ಲಿ ಎಡೆ ಇಡುವಾಗ ಚಿಕ್ಕಮ್ಮ ನನ್ನನ್ನು ಎತ್ತಿ ಹಿಡಿಯೋಳು, ನಾನು ಹೂ ಮುಡಿಸುತ್ತಿದ್ದೆ. ಶಾಲೆಯಲ್ಲಿ ಯಾರಾದರೂ ನೋಯಿಸಿದರೆ ಬಂದು ಆ ಫೋಟೋಗೇ ಹೇಳಿಕೊಳ್ಳುತ್ತಿದ್ದೆ, ಚಿಕ್ಕಮ್ಮನಿಗಲ್ಲ.

ದೇವನಹಳ್ಳಿ ಹತ್ತಿರ ವಿಮಾನ ನಿಲ್ದಾಣ ಶುರುವಾದ ಮೇಲೆ ಆವತಿಯ ಹಳೆಯ ಮನೆ ಕೆಡವಿ ಬಾಡಿಗೆ ಮನೆಗಳನ್ನು ಕಟ್ಟಿಸಲು ಹೊರಟೆವು. ಅಪ್ಪ ಅಷ್ಟು ಹೊತ್ತಿಗೆ ಇರಲಿಲ್ಲ. ಚಿಕ್ಕಮ್ಮ ದೇವರ ಪಟಗಳನ್ನೂ ಆ ಫೋಟೋವನ್ನೂ ಹಳೇ ಸೀರೆಯಲ್ಲಿ ಸುತ್ತಿಕೊಂಡು ದೇವನಹಳ್ಳಿಗೆ ನಮ್ಮ ಮನೆಗೆ ಬಂದಳು.

ನನ್ನ ಗಂಡನದು ಅಲ್ಲೇ ಗ್ಯಾರೇಜು. ಹೊಸ ರಸ್ತೆಯಾದ ಮೇಲೆ ಬೆಂಗಳೂರಿನಿಂದ ಹಳೇ ಕಾರಿನ ಹುಚ್ಚಿರುವವರು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಬಾನೆಟ್ಟಿನ ಆಕಾರ, ದೀಪಗಳ ಜಾಗ, ಮುಂದಿನ ಜಾಲರಿ ನೋಡಿ ಯಾವ ಕಾಲದ ಗಾಡಿ ಅಂತ ಗುರುತು ಹಿಡಿಯುವುದು ಅವರಿಗೆ ಕೆಲಸವೂ ಹೌದು, ಖುಷಿಯೂ ಹೌದು.

ಒಂದು ಮಧ್ಯಾಹ್ನ ನಾನು ಒದ್ದೆ ಬಟ್ಟೆಯಲ್ಲಿ ಆ ಫೋಟೋದ ಗಾಜು ಒರೆಸುತ್ತಿದ್ದೆ. ಊಟಕ್ಕೆ ಬಂದ ನನ್ನ ಗಂಡ ಬಗ್ಗಿ ನೋಡಿದರು.

“ಅಂಬಾಸಿಡರ್. ಮಾರ್ಕ್ ತ್ರೀ,” ಅಂದರು. “ಜಾಲರಿಯಲ್ಲಿ ಅಡ್ಡಡ್ಡ ಪಟ್ಟಿ ಇದೆ ನೋಡು. ಮಾರ್ಕ್ ಟೂ ಆಗಿದ್ರೆ ಸಣ್ಣ ಸಣ್ಣ ಚೌಕ ಇರ್ತಿತ್ತು.”

“ಅದು ಯಾವಾಗ ಬಂದಿದ್ದು?”

“ಎಪ್ಪತ್ತೈದರ ಆಸುಪಾಸು.”

ಹೇಳಿದ ಮೇಲೆ ಅವರಿಗೂ ಹೊಳೆಯಿತು. ಅಮ್ಮ ತೀರಿಕೊಂಡದ್ದು ಅದಕ್ಕೂ ಕೆಲವು ವರ್ಷ ಮುಂಚೆ.

“ಹಳೇ ಗಾಡಿಗೆ ಆಮೇಲೆ ಹೊಸ ಜಾಲರಿ ಹಾಕಿಸಿರಬಹುದಲ್ಲ?” ಅಂತ ಕೇಳಿದೆ.

“ಹಾಕಿಸಬಹುದು. ಆದ್ರೆ ಆ ಜಾಲರಿ ಬರೋಕ್ಕಿಂತ ಮುಂಚೆ ಈ ಫೋಟೋ ತೆಗೆಯೋಕಾಗಲ್ಲ,” ಅಂದರು ಮೆತ್ತಗೆ.

ಅವತ್ತು ಅವರು ಸರಿಯಾಗಿ ಊಟ ಮಾಡಲಿಲ್ಲ. ನನಗಂತೂ ತಟ್ಟೆ ಮುಂದೆ ಕೂರಲೂ ಆಗಲಿಲ್ಲ.

ಸಂಜೆ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಚಿಕ್ಕಮ್ಮನ ಪಕ್ಕ ಕೂತೆ. “ಫೋಟೋದಲ್ಲಿರೋದು ಅಮ್ಮ ಅಲ್ಲ ಅಲ್ವಾ?” ಅಂದೆ.

ಅವಳ ಕೈ ನಿಂತಿತು.

“ನನ್ನ ಮದುವೆ ದಿನದ್ದು ಕಣವ್ವ,” ಅಂದಳು. “ಹೆಣ್ಣು ಕರ್ಕೊಂಡು ಬರೋಕೆ ಯಾರದೋ ಕಾರು ತಂದಿದ್ರು. ನಾನು ಬಂದಾಗ ನೀನು ಮಾತೆತ್ತಿದ್ರೆ ಅಮ್ಮ ಎಲ್ಲಿ ಅಂತಿದ್ದೆ. ಅಕ್ಕಂದು ಒಂದು ಫೋಟೋನೂ ಇರ್ಲಿಲ್ಲ. ಒಂದಿನ ನೀನೇ ಇದನ್ನ ತೋರಿಸಿ, ಇದು ನಮ್ಮಮ್ಮನಾ ಅಂದೆ. ಹೂಂ ಅಂದ್ಬಿಟ್ಟೆ. ನಿಮ್ಮಪ್ಪನೂ ಏನೂ ಹೇಳ್ಲಿಲ್ಲ.”

“ಬದುಕಿರೋವಾಗ್ಲೇ ನಿನ್ನ ಫೋಟೋಗೆ ಹಾರ ಹಾಕ್ತಿದ್ವಲ್ಲ ಚಿಕ್ಕಮ್ಮ. ಎಡೆ ಇಡ್ತಿದ್ವಲ್ಲ.”

“ಮೊದಮೊದಲು ಹೆದರಿಕೆ ಆಗ್ತಿತ್ತು. ಆಮೇಲೆ ಅಕ್ಕನಿಗೇ ಅಂತ ಅಂದ್ಕೊಂಡೆ. ನೀನು ಅಲ್ಲಿ ನಿಂತು ಅಮ್ಮಾ ಅಂತಿದ್ದೆಯಲ್ಲ, ಒಳಗೆ ಅಡುಗೆ ಮನೇಲಿ ಕೇಳಿಸ್ಕೋತಿದ್ದೆ. ಅಷ್ಟು ಸಾಕಾಗಿತ್ತು ನಂಗೆ.”

ಅವಳ ಮೇಲೆ ಸಿಟ್ಟು ಬರಲಿಲ್ಲ. ಆದರೆ ಇಷ್ಟು ವರ್ಷ ಕಣ್ಣು ಮುಚ್ಚಿದರೆ ಕಾಣುತ್ತಿದ್ದ ಮುಖವೊಂದು ಆ ಸಂಜೆ ಹೊರಟುಹೋಯಿತು. ಹೆತ್ತವಳು ಎರಡನೇ ಸಲ ಸತ್ತ ಹಾಗಾಯಿತು, ಈ ಸಲ ಅಳುವಷ್ಟು ವಯಸ್ಸು ನನಗಿತ್ತು.

“ನೋಡೋಕೆ ಹೇಗಿದ್ಳು?” ಅಂತ ಕೇಳಿದೆ.

ಚಿಕ್ಕಮ್ಮ ಯೋಚಿಸಿದಳು. ಉದ್ದ ಇದ್ದಳು ಅಂದಳು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು ಅಂದಳು. ಕಣ್ಣು, ಮೂಗು ಹೇಗಿತ್ತು ಅಂತ ಮತ್ತೆ ಕೇಳಿದಾಗ ತಡವರಿಸಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, “ನಂಗೂ ಈಗ ಸರಿಯಾಗಿ ನೆನಪಾಗಲ್ಲ ಮಗ,” ಅಂದಳು.