ಕಟ್ಟೆಯಿಂದ ಇಳಿದ ಭೋಜಣ್ಣ

ಭೋಜಣ್ಣನಿಗೆ ಬಾವಿ ಎಂದರೆ ಹೆದರಿಕೆ. ಹೆಂಡತಿ ರಾಜೀವಿಯೊಬ್ಬಳನ್ನು ಬಿಟ್ಟರೆ ಈ ಸಂಗತಿ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ವಾಮದಪದವು ಪೇಟೆಯ ಆಚೆ, ಗುಡ್ಡದ ಬದಿಯ ಆ ಹತ್ತಾರು ಮನೆಗಳಲ್ಲಿ ಬೇಸಿಗೆಯಲ್ಲಿ ಯಾರೇ ಬಾವಿಯ ಹೂಳು ತೆಗೆಸಲಿ, ಕೆಲಸದವರು ಹಗ್ಗ ಬಿಚ್ಚುವ ಮೊದಲೇ ಅಲ್ಲಿ ಭೋಜಣ್ಣ ಹಾಜರು. ಲುಂಗಿ ಎತ್ತಿ ಕಟ್ಟಿ, ಬಾವಿಕಟ್ಟೆ ಹತ್ತಿ ಕೂತನೆಂದರೆ ಬಾಯಿಗೆ ಬಿಡುವಿಲ್ಲ.

"ಹಾಗಲ್ಲ ಮಾರಾಯ, ಬುಟ್ಟಿ ಓರೆ ಉಂಟು."

"ಇದು ಹೂಳಾ? ಬರೀ ಕೆಂಪು ನೀರು. ಅಡಿಗೆ ಕೈ ಹಾಕು."

"ಈ ಗಂಟು ನೋಡಿದರೆ ನನಗೆ ಮಧ್ಯಾಹ್ನ ಊಟ ಸೇರುದಿಲ್ಲ."

ಆದರೆ ಯಾರೂ ಗಮನಿಸದ ಒಂದು ವಿಷಯವಿತ್ತು. ಅವನು ಕೂರುತ್ತಿದ್ದುದು ಬಾವಿಗೆ ಬೆನ್ನು ಹಾಕಿ, ರಾಟೆಯ ಕಂಬವನ್ನು ಒಂದು ಕೈಯಲ್ಲಿ ತಬ್ಬಿಕೊಂಡು. ಮೇಲೆ ಬಂದ ಬುಟ್ಟಿಯನ್ನು ನೋಡಿ ಕೆಳಗಿನ ಕೆಲಸದ ತಪ್ಪು ಹೇಳುತ್ತಿದ್ದ. ತಲೆ ನರೆತರೂ ಒಂದೇ ಒಂದು ಬಾವಿಯ ತಳವನ್ನು ಅವನು ಬಗ್ಗಿ ನೋಡಿದ್ದಿಲ್ಲ.

ಈ ತಪ್ಪು ಹುಡುಕುವುದೇನು ಹೊಸ ಚಾಳಿಯಲ್ಲ. ಮುಂಬೈಯಲ್ಲಿ ಚಿಕ್ಕಪ್ಪನ ಹೋಟೆಲಿನ ಗಲ್ಲೆಯಲ್ಲಿ ಹಣ ಎಣಿಸುತ್ತ ಕೂತು ಯೌವನ ಕಳೆದವ ಅವನು. ಒಂದು ದೋಸೆ ಹುಯ್ದು ಗೊತ್ತಿಲ್ಲ, ಆದರೆ ಕಾವಲಿಯ ಮುಂದೆ ಬೆವರುತ್ತಿದ್ದವನಿಗೆ ಗಲ್ಲೆಯಿಂದಲೇ ಪಾಠ. ಊರಿಗೆ ಮರಳಿದ ಮೇಲೆ ಗಲ್ಲೆ ಹೋಯಿತು, ಬಾವಿಕಟ್ಟೆ ಸಿಕ್ಕಿತು. ತಾನು ಮಾಡಿ ನೋಡದ ಕೆಲಸದಲ್ಲಿ ಹುಳುಕು ಹುಡುಕುವುದಕ್ಕೆ ಆ ಮನೆಗಳಲ್ಲಿ 'ಕಟ್ಟೆ ಹತ್ತುವುದು' ಎಂಬ ಮಾತೇ ಚಾಲ್ತಿಗೆ ಬಂತು. ಪದಾರ್ಥಕ್ಕೆ ಉಪ್ಪು ಕಡಿಮೆ ಎಂದು ಮೂಗು ಮುರಿಯುವ ಗಂಡನಿಗೂ, ಟಿವಿಯ ಮುಂದೆ ಕೂತು ಕ್ರಿಕೆಟಿನವರನ್ನು ಬೈಯುವ ಮಗನಿಗೂ "ಸುಮ್ಮನೆ ಕಟ್ಟೆ ಹತ್ತಬೇಡಿ" ಎನ್ನುತ್ತಿದ್ದರು. ಭೋಜಣ್ಣ ಇದನ್ನು ಕೇಳಿ ನಗುತ್ತಿದ್ದ. ತಾನು ಮಾತಾಡುತ್ತ ಇರುವಷ್ಟು ಹೊತ್ತು 'ನೀವೇ ಇಳಿಯಿರಿ ನೋಡುವ' ಎಂದು ಯಾರಿಗೂ ಹೊಳೆಯುವುದಿಲ್ಲ ಎಂಬುದು ಅವನ ಲೆಕ್ಕಾಚಾರವಾಗಿತ್ತು. ಆ ಲೆಕ್ಕಾಚಾರ ಬಹಳ ಕಾಲ ನಡೆಯಿತು ಕೂಡ.

ಹೋದ ವರ್ಷದ ಮೇ ತಿಂಗಳಲ್ಲಿ ಪಕ್ಕದ ಮನೆಯ ಸೈನಬಕ್ಕ ಬಾವಿಯ ಹೂಳು ತೆಗೆಸಿದಳು. ಒಳಗೆ ಇಳಿದವನು ತುಕ್ರಪ್ಪ. ಸುತ್ತಮುತ್ತಲಿನ ಬಾವಿಗಳಿಗೆಲ್ಲ ಇಳಿಯುವವನು ಅವನೇ, ಮೇಲಿಂದ ಹಗ್ಗ ಎಳೆಯುವವನು ನಿಝಾರ್. ನಿಝಾರನದು ಆನೆಯಂಥ ಮೈ. ಸೈನಬಕ್ಕನ ಬಾವಿಯ ಒರತೆ ಬಹಳ ಜೋರು. ನೀರು ಖಾಲಿ ಮಾಡಿದರೂ ಮತ್ತೆ ತುಂಬುತ್ತಲೇ ಇರುತ್ತದೆ. ಹಾಗಾಗಿ ಬೆಳಗ್ಗಿನಿಂದ ಕರೆಂಟಿನ ಪಂಪು ಒಂದೇ ಸಮನೆ ನೀರು ಹೊರಹಾಕುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯುತ್ತ ಬಂತು. ತಳದ ಒಂದು ಮೂಲೆಯಲ್ಲಿ ಗೋಡೆಗೆ ಕಟ್ಟಿದ ಕೆಂಪು ಮುರಕಲ್ಲು ಸ್ವಲ್ಪ ಮುಂದೆ ಬಂದಿದೆ, ಅದರ ಹಿಂದಿನ ಹೂಳನ್ನು ಮುಟ್ಟುವುದಿಲ್ಲ ಎಂದು ತುಕ್ರಪ್ಪ ಕೆಳಗಿನಿಂದ ಕೂಗಿ ಹೇಳಿದ.

"ಅದೇ ನೋಡಿ, ಅರ್ಧ ಕೆಲಸ," ಎಂದ ಭೋಜಣ್ಣ, ಬಾವಿಗೆ ಬೆನ್ನು ಹಾಕಿ. "ವಾಸನೆ ಬರುದೇ ಆ ಮೂಲೆಯಿಂದ. ಹಾರೆ ಹಾಕಿ ಕಲ್ಲು ಎಬ್ಬಿಸಿದರೆ ಆಯ್ತು. ಅದಕ್ಕೆ ಎಂತ ಹೆದರುದು?"

ತುಕ್ರಪ್ಪ ಸಿಟ್ಟಿನಲ್ಲಿ ಹಾರೆಯನ್ನು ಕಲ್ಲಿಗೆ ಹಾಕಿದ ಸದ್ದು ಕೆಳಗಿನಿಂದ ಬಂತು. ಆಮೇಲೆ ಇನ್ನೊಂದು ಸದ್ದು, ದೊಡ್ಡದು, ಅಕ್ಕಿ ಮೂಟೆ ಬಿದ್ದ ಹಾಗೆ. ಅದರ ಹಿಂದೆಯೇ ತುಕ್ರಪ್ಪನ ಕೂಗು.

ನಿಝಾರ್ ಬಗ್ಗಿ ನೋಡಿದ. ಎರಡು ಕಲ್ಲುಗಳು ಜಾರಿ ತುಕ್ರಪ್ಪನ ಪಾದ ಅವುಗಳ ಅಡಿಯಲ್ಲಿ ಸಿಕ್ಕಿಬಿದ್ದಿತ್ತು. ಅವನಿಗೆ ಎದ್ದು ನಿಲ್ಲಲಾಗುತ್ತಿರಲಿಲ್ಲ, ಕೈಯೂರಿ ಓರೆಯಾಗಿ ಕೂತಿದ್ದ. ಬಂಟ್ವಾಳದ ಅಗ್ನಿಶಾಮಕದವರಿಗೆ ಸೈನಬಕ್ಕ ಫೋನು ಮಾಡಿದಳು. ಹೊರಟೆವು ಎಂದರು ಅವರು. ಪಂಪು ಓಡುತ್ತಿದೆ, ನೀರು ಏರುವುದಿಲ್ಲ, ಅವರು ಬರುವವರೆಗೆ ತಡೆಯಬಹುದು ಎಂದು ನಿಝಾರ್ ಧೈರ್ಯ ಹೇಳಿದ. ಅವನ ಮಾತು ಮುಗಿಯುವ ಮೊದಲು ಕರೆಂಟು ಹೋಯಿತು.

ಬೆಳಗ್ಗಿನಿಂದ ಗುಂಯ್ ಎನ್ನುತ್ತಿದ್ದ ಪಂಪು ನಿಂತಾಗ ಆ ಅಂಗಳ ಎಷ್ಟು ಮೌನವಾಯಿತೆಂದರೆ, ಕೆಳಗೆ ಒರತೆಯ ನೀರು ಬೀಳುವುದು ಮೇಲಿದ್ದವರಿಗೆ ಕೇಳಿತು. ಆಗ ಬಾವಿಯೊಳಗಿನಿಂದ ತುಕ್ರಪ್ಪನ ಸ್ವರ ಬಂತು.

"ಭೋಜಣ್ಣ ಉಂಟಾ ಮೇಲೆ?"

ಭೋಜಣ್ಣನ ನಾಲಿಗೆ ಏಳಲಿಲ್ಲ. ಕಲ್ಲು ಎಬ್ಬಿಸು ಎಂದವನು ತಾನು, ಆ ಲೆಕ್ಕ ಕೇಳಲಿಕ್ಕೇ ಕರೆಯುತ್ತಿದ್ದಾನೆ ಎಂದುಕೊಂಡ.

"ಒಬ್ಬರು ಇಳಿಯಬೇಕು," ಎಂದ ನಿಝಾರ್. "ನಾನು ಇಳಿದರೆ ಎಳೆಯುವವರು ಯಾರು?" ಹೇಳುತ್ತ ಅವನು ಭೋಜಣ್ಣನನ್ನು ನೋಡಿದ. ಅಂಗಳದಲ್ಲಿ ಇದ್ದವರು ನಾಲ್ವರೇ, ಅದರಲ್ಲಿ ಕಡ್ಡಿಯಂತಿದ್ದವನು ಭೋಜಣ್ಣನೊಬ್ಬ.

"ಇವರು ಬೇಡ," ಎಂದಳು ಸದ್ದು ಕೇಳಿ ಓಡಿ ಬಂದಿದ್ದ ರಾಜೀವಿ. "ಇವರಿಗೆ ಬಾವಿ ಅಂದರೆ ಹೆದರಿಕೆ. ಮೊದಲಿನಿಂದಲೂ ಹಾಗೆ. ಇವತ್ತಿನವರೆಗೆ ಬಗ್ಗಿ ನೋಡಿದವರಲ್ಲ."

ಇಷ್ಟು ವರ್ಷ ಮುಚ್ಚಿಟ್ಟದ್ದು ಎಲ್ಲರ ಎದುರು ಬಿದ್ದುಹೋಯಿತು. ನಾಚಿಕೆಪಡಲಿಕ್ಕೂ ಪುರುಸೊತ್ತಿರಲಿಲ್ಲ. "ನೀರು ಹೊಟ್ಟೆಗೆ ಬಂತು," ಎಂದು ಕೆಳಗಿನಿಂದ ತುಕ್ರಪ್ಪ ಹೇಳಿದ. ಕೂಗಲಿಲ್ಲ, ಸುಮ್ಮನೆ ಹೇಳಿದ. ಭೋಜಣ್ಣ ಲುಂಗಿಯನ್ನು ಬಿಗಿಯಾಗಿ ಕಟ್ಟಿಕೊಂಡು ನಿಝಾರನ ಮುಂದೆ ಹೋಗಿ ನಿಂತ. ನಿಝಾರ್ ಅವನ ಸೊಂಟಕ್ಕೂ ತೊಡೆಗೂ ಹಗ್ಗ ಸುತ್ತಿ ಗಂಟು ಹಾಕಿದ. ಗಂಟಿನ ಬಗ್ಗೆ ಭೋಜಣ್ಣ ಅಂದು ಒಂದು ಮಾತೂ ಆಡಲಿಲ್ಲ.

ಇಳಿಯುವಾಗ ಅವನು ಕಣ್ಣು ಮುಚ್ಚಿದ್ದ. ಬೆನ್ನಿಗೆ ಪಾಚಿ ತಾಗಿತು, ಮುಖಕ್ಕೆ ಜರಿಗಿಡದ ಎಲೆ ಸವರಿತು. ಯಾವುದೋ ಕಪ್ಪೆ ಅವನ ಹೆಗಲ ಮೇಲಿಂದ ಹಾರಿದಾಗ ಹಗ್ಗವನ್ನು ಎರಡೂ ಕೈಯಲ್ಲಿ ಬಿಗಿ ಹಿಡಿದ. ಕಾಲಿಗೆ ತಣ್ಣೀರು ತಾಗಿದಾಗ ಕಣ್ಣು ಬಿಟ್ಟ. ತುಕ್ರಪ್ಪನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ನೀರು ಅವನ ಎದೆಗೆ ಬಂದಿತ್ತು. ಮೇಲೆ ಆಕಾಶ ಒಂದು ತಟ್ಟೆಯಷ್ಟು ಮಾತ್ರ, ಅದರ ಅಂಚಿನಲ್ಲಿ ತಲೆಗಳು.

"ಎಲ್ಲಿ ಸಿಕ್ಕಿದ್ದು?"

"ಗೊತ್ತಾಗುದಿಲ್ಲ. ಮರಗಟ್ಟಿದೆ."

ಕೆಂಪು ರಾಡಿ ನೀರಿನಲ್ಲಿ ಏನೂ ಕಾಣುತ್ತಿರಲಿಲ್ಲ. ಭೋಜಣ್ಣ ಕೈ ಹಾಕಿ ತಡಕಿದ. ಮೇಲಿಂದ ಮಾತು ಸುರಿಯತೊಡಗಿತು. "ಬಲಗಡೆಯಿಂದ ಎತ್ತಿ," ಎಂದು ಸೈನಬಕ್ಕ. "ತುಂಬ ಬಗ್ಗಬೇಡಿ," ಎಂದು ರಾಜೀವಿ. "ಹಾಗಲ್ಲ, ಹಾರೆ ಅಡಿಗೆ ಕೊಡಿ," ಎಂದು ನಿಝಾರ್. ಯಾವುದು ಬಲಗಡೆ, ಯಾವುದು ಅಡಿ? ಈಗ ಅವರೆಲ್ಲ ಕಟ್ಟೆ ಹತ್ತಿದ್ದರು. ಬೇರೆ ದಿನವಾಗಿದ್ದರೆ ಭೋಜಣ್ಣ ನಗುತ್ತಿದ್ದನೋ ಏನೋ.

ಹಾರೆಯನ್ನು ಕಲ್ಲಿನ ಸಂದಿಗೆ ತೂರಿಸಿ, ಇದ್ದ ಅಲ್ಪ ಭಾರವನ್ನೆಲ್ಲ ಹಾಕಿ ಜೋತುಬಿದ್ದ. ಹಾರೆ ಜಾರಿತು. ತಲೆ ನೀರಿನೊಳಗೆ ಹೋಗಿ ಬಾಯಿ ತುಂಬ ಕೆಸರು. ಎದ್ದು, ಕೆಮ್ಮಿ, ಮತ್ತೆ ತೂರಿಸಿದ. ಈ ಸಲ ಕಲ್ಲು ಒಂದಿಷ್ಟು ಅಲುಗಿತು. ತುಕ್ರಪ್ಪ ಹಲ್ಲು ಕಚ್ಚಿ ಎಳೆದ. ಚರ್ಮ ಕಲ್ಲಿಗೆ ಬಿಟ್ಟು ಪಾದ ಹೊರಬಂತು.

ಮೇಲೆ ಕೆಳಗೆ ಹೋಗುವ ಹಗ್ಗ ಒಂದೇ. ಭೋಜಣ್ಣ ತನ್ನ ಗಂಟನ್ನು ಬಿಚ್ಚಿ ತುಕ್ರಪ್ಪನಿಗೆ ಕೊಟ್ಟ. ತುಕ್ರಪ್ಪ ಮೇಲೆ ಹೋದ. ಕಟ್ಟೆಯಲ್ಲಿ ಗಲಾಟೆ ಕೇಳಿತು, ಅಳು ಕೇಳಿತು, "ರಕ್ತ, ರಕ್ತ, ಬಟ್ಟೆ ತನ್ನಿ" ಎಂಬುದು ಕೇಳಿತು. ಆಮೇಲೆ ಏನೂ ಕೇಳಲಿಲ್ಲ.

ಭೋಜಣ್ಣ ಮೇಲೆ ನೋಡಿದ. ತಟ್ಟೆಯ ಅಂಚಿನಲ್ಲಿ ಒಂದು ತಲೆಯೂ ಇರಲಿಲ್ಲ.

"ನಿಝಾರ್," ಎಂದು ಕರೆದ. ಸ್ವರ ಬಾವಿಯೊಳಗೇ ಸುತ್ತಿ ಅವನ ಕಿವಿಗೇ ಬಂತು. ನೀರು ಎದೆ ದಾಟಿ ಕಂಕುಳಿಗೆ ತಾಗಿತ್ತು. ಅವನಿಗೆ ಈಜು ಬರುತ್ತಿರಲಿಲ್ಲ. ತನ್ನನ್ನು ಮರೆತರು ಎಂದು ಅವನಿಗೆ ಖಚಿತವಾಯಿತು. ಹಾರೆ ತೂರಿಸುವಾಗ ಆಗದ ಹೆದರಿಕೆ, ತಲೆ ಮುಳುಗಿದಾಗಲೂ ಆಗದ ಹೆದರಿಕೆ ಆಗ ಆಯಿತು. ಯಾರಾದರೂ ಏನಾದರೂ ಹೇಳಲಿ, ಬೈಯಲಿ, ತಪ್ಪು ಹುಡುಕಲಿ ಎಂದು ಅವನು ಗೋಡೆಯ ಕಲ್ಲಿಗೆ ಹಣೆ ಒತ್ತಿ ನಿಂತ. ತುಕ್ರಪ್ಪನನ್ನು ಜಗಲಿಯಲ್ಲಿ ಮಲಗಿಸಿ ಬರುವಷ್ಟೇ ಹೊತ್ತು ಆದದ್ದು ಎಂದು ನಿಝಾರ್ ಇವತ್ತಿಗೂ ಆಣೆ ಹಾಕುತ್ತಾನೆ. ಇದ್ದರೂ ಇರಬಹುದು. ಭೋಜಣ್ಣ ಮಾತ್ರ ಅದನ್ನು ಒಪ್ಪುವುದಿಲ್ಲ.

"ಹಗ್ಗ ಬಂತು, ಹಿಡ್ಕೊಳ್ಳಿ," ಎಂಬ ರಾಜೀವಿಯ ಸ್ವರ ಕೇಳಿದಾಗ ಅವನು ಅತ್ತುಬಿಟ್ಟ.

ಅಗ್ನಿಶಾಮಕದವರು ತಲುಪುವಾಗ ಇಬ್ಬರೂ ಮೇಲೆ ಬಂದಾಗಿತ್ತು. ಅದರ ನಂತರ ಭೋಜಣ್ಣ ಯಾರ ಬಾವಿಯ ಹತ್ತಿರವೂ ಸುಳಿಯಲಿಲ್ಲ. ಊರವರು ಬೇಕೆಂದೇ ಕೆಣಕಿದರೂ ತುಟಿ ಬಿಚ್ಚಲಿಲ್ಲ. ಮುದುಕನಿಗೆ ಬುದ್ಧಿ ಬಂತು ಎಂದರು ಕೆಲವರು. ಈ ಬೇಸಿಗೆಯಲ್ಲಿ ಅವನ ಸ್ವಂತ ಬಾವಿಯ ಸರದಿ ಬಂತು. ಕಾಲು ಸ್ವಲ್ಪ ಎಳೆದು ನಡೆಯುವ ತುಕ್ರಪ್ಪನೂ ನಿಝಾರನೂ ಬಂದರು. ದೀಪ ಇಳಿಸಿ ಗಾಳಿ ಸರಿ ಇದೆಯೆಂದು ನೋಡಿ ತುಕ್ರಪ್ಪ ಒಳಗೆ ಹೋದ. ಭೋಜಣ್ಣ ಜಗಲಿಯ ಮೂಲೆಯಲ್ಲಿ ಬಾಯಿ ಕಟ್ಟಿದವನಂತೆ ಕೂತಿದ್ದ. ಒಂದೆರಡು ಬುಟ್ಟಿ ಮೇಲೆ ಬಂದವು. ಆಮೇಲೆ ಬುಟ್ಟಿ ಬರುವುದು ನಿಂತಿತು.

"ಭೋಜಣ್ಣ ಉಂಟಾ ಮೇಲೆ?"

ಅದೇ ಪ್ರಶ್ನೆ, ಅದೇ ಸ್ವರ. ಭೋಜಣ್ಣ ಎದ್ದು ಅಂಗಳಕ್ಕೆ ಬಂದ. "ಇದ್ದೇನೆ. ಎಂತಕ್ಕೆ?"

"ಎಂತದಾದರೂ ಹೇಳಿ ಮಾರಾಯರೆ," ಎಂದ ತುಕ್ರಪ್ಪ ಕೆಳಗಿನಿಂದ. "ನಿಮ್ಮ ಸ್ವರ ಇಲ್ಲದಿದ್ದರೆ ಮೇಲೆ ಯಾರೂ ಇಲ್ಲ ಅಂತ ಕಾಣ್ತದೆ. ಅವತ್ತೂ ಹಾಗೇ ಆದದ್ದು. ಪಂಪು ನಿಂತದ್ದಕ್ಕಲ್ಲ, ನೀವು ನಿಲ್ಲಿಸಿದ್ದಕ್ಕೆ ನನಗೆ ಹೆದರಿಕೆ ಆಯ್ತು."

ಅಂಚಿನಲ್ಲಿ ಒಂದು ತಲೆಯೂ ಇಲ್ಲದ ಆಕಾಶದ ಆ ತಟ್ಟೆ ಭೋಜಣ್ಣನ ಕಣ್ಣ ಮುಂದೆ ಬಂತು. ಆಮೇಲೆ ನಿಧಾನವಾಗಿ ಹೋಗಿ, ರಾಟೆಯ ಕಂಬವನ್ನು ಎರಡೂ ಕೈಯಲ್ಲಿ ತಬ್ಬಿ, ಕಟ್ಟೆಯ ಮೇಲಿಂದ ಒಳಗೆ ಬಗ್ಗಿದ. ಬಹಳ ಕೆಳಗೆ ತುಕ್ರಪ್ಪನ ಮುಖ ಮೇಲೆ ನೋಡುತ್ತಿತ್ತು.

"ಹಾಗಲ್ಲ ಮಾರಾಯ," ಎಂದ ಭೋಜಣ್ಣ. "ಬುಟ್ಟಿ ಓರೆ ಉಂಟು."

ಬುಟ್ಟಿ ಓರೆಯಾಗಿರಲಿಲ್ಲ. ತುಕ್ರಪ್ಪ ಅದನ್ನು ಸರಿಮಾಡಿದಂತೆ ಮಾಡಿ ಮತ್ತೆ ಕೆಲಸಕ್ಕೆ ಕೈ ಹಚ್ಚಿದ. ಅವನು ಹತ್ತಿ ಬಂದು ಕಟ್ಟೆಯ ಈಚೆ ಕಾಲಿಡುವವರೆಗೂ ಭೋಜಣ್ಣ ಮಾತು ನಿಲ್ಲಿಸಲಿಲ್ಲ.